ವಾರಕ್ಕೊಂದು

ಹೆದ್ದಾರಿ ಎತ್ತರವಾದ ಮೇಲೆ ನನ್ನ ಅಂಗಡಿ ಕುಳಿಯಲ್ಲಿದೆ.
ಮೂರು ಮೆಟ್ಟಿಲು ಇಳಿಯಬೇಕು ಬಂದ್ಯೋಡಿನಲ್ಲಿ ಮದ್ದಿಗೆ.
ಬರುವವರ ಮೊಣಕಾಲು ಮೊದಲು ಕಾಣುತ್ತದೆ, ಮುಖ ಆಮೇಲೆ.

ಐಸಮ್ಮನದು ಬಾತ ಮೊಣಕಾಲು.
ಅವತ್ತು ಕಾಲಿನ ಮಾತೇ ಇಲ್ಲ,
ತಲೆವಸ್ತ್ರದ ತುದಿಯನ್ನು ತುಟಿಗೊತ್ತಿ
ಬಾಯಿಹುಣ್ಣಿಗೆ ಏನಾದರೂ ಕೊಡು ಮೋಳೇ, ಎಂದರು.

ಟ್ಯೂಬು ಕೈಗೆತ್ತಿಕೊಂಡವಳು ಕೇಳಿದೆ:
ಆ ಹಳದಿ ಮಾತ್ರೆ, ಗಂಟುನೋವಿನದು, ಎಷ್ಟು ಉಳಿದಿದೆ?
ಮೂರು. ಒಂದು ವಾರ ಅಂತ ಇತ್ತಲ್ಲ, ಒಂದು ವಾರ ತಿಂದೆ.

ಫೋನು ಮುಂದೆ ಹಿಡಿದರು.
ಆಸ್ಪತ್ರೆಯ ಸಂದೇಶ ಮಲಯಾಳ ಅಕ್ಷರದಲ್ಲಿ,
ಕೆಳಗೆ ಇಂಗ್ಲಿಷು, ಅದರ ಕೆಳಗೆ ಮುಗಿದ ಎರಡು ಹಳದಿ ಕೈ.
ಮನೆಯಲ್ಲಿ ಆಡುವುದು ಮಲಯಾಳ, ಓದಲು ಬರುವುದು ಕನ್ನಡ,
ಅದೂ ನಾಲ್ಕನೇ ಕ್ಲಾಸಿನಷ್ಟು.
ಮೊಮ್ಮಗ ಅಫ್ಸಲ್ ಆಟದ ನಡುವೆ ಕಣ್ಣು ಹಾಯಿಸಿ ಹೇಳಿದ್ದ:
ಒಂದು ವಾರ, ಉಮ್ಮಾಮ. ಒಂದೊಂದು.

ವಾರಕ್ಕೆ ಒಂದು.
ವಾರ, ಒಂದೊಂದು.
ನಡುವೆ ಎಲ್ಲೋ ಬಿದ್ದುಹೋದದ್ದು
ಒಂದು ‘ಕ್ಕೆ’.

ಅಪ್ಪ ಪೈವಳಿಕೆ ಶಾಲೆಯಲ್ಲಿ ಕನ್ನಡ ಪಂಡಿತರು,
ಚತುರ್ಥಿ ವಿಭಕ್ತಿ ತಪ್ಪಿದರೆ ಕಿವಿ ಹಿಂಡುತ್ತಿದ್ದರು.
ಮಾತ್ರೆಯೆಂದರೆ ಅವರಿಗೆ
ಒಂದು ಹ್ರಸ್ವ ಅಕ್ಷರ ಬಾಯಿ ದಾಟುವಷ್ಟು ಹೊತ್ತು.
ನಾನು ಫಾರ್ಮಸಿ ಕಲಿಯುತ್ತೇನೆಂದಾಗ ನಕ್ಕಿದ್ದರು:
ಸರಿ, ನೀನೂ ಮಾತ್ರೆ ಎಣಿಸು.

ಎಣಿಸಿದೆ ಅಪ್ಪ.
ಒಡೆದ ಗುಳ್ಳೆ ಏಳು.
ಆ ಸ್ಟ್ರಿಪ್ಪು ನನ್ನ ಅಂಗಡಿಯದೇ.
ಕೊಟ್ಟ ದಿನ ಮೆಟ್ಟಿಲಿನವರೆಗೂ ಜನ,
ಎಲ್ಲ ಮೆಸೇಜಿನಲ್ಲಿದೆ, ಓದಿಸಿಕೊಳ್ಳಿ,
ಎಂದು ಚಿಲ್ಲರೆ ಎಣಿಸಿ ಕೊಟ್ಟಿದ್ದೆ.

ತಲಪಾಡಿ ದಾಟಿ ಮಂಗಳೂರು. ಒಂಬತ್ತು ದಿನ.
ರಕ್ತದ ಬಿಳಿಕಣ ಇಳಿದೂ ಇಳಿದೂ
ಹತ್ತನೆಯ ದಿನ ಗಂಜಿ ಕೇಳಿದರಂತೆ.

ಆಮೇಲೆ ನಾನು ದನಿ ಕಳಿಸತೊಡಗಿದೆ, ಅಂಗಡಿಯ ಗುಂಪಿಗೆ.
ರಾತ್ರಿ ಶಟರು ಎಳೆದು, ಫ್ಯಾನು ನಿಲ್ಲಿಸಿ,
ಕನ್ನಡ, ಮಲಯಾಳ, ತುಳು, ಬಂದಷ್ಟು ಕೊಂಕಣಿ:
ಗಂಟುನೋವಿನ ಹಳದಿ ಮಾತ್ರೆ ತಿನ್ನಬೇಡಿ ದಿನಾ,
ವಾರಕ್ಕೊಂದೇ ಸಲ.
ಹನ್ನೊಂದು ಸೆಕೆಂಡು.

ಹದಿನೈದು ದಿನ ಕಳೆದಿರಲಿಲ್ಲ,
ಹೊಸಂಗಡಿಯ ಸೆವ್ರಿನ್ ಬಾಯಿ
ಬಿಪಿಯ ಮಾತ್ರೆಗಳನ್ನು ತಂದು ಮೇಜಿನ ಮೇಲೆ ಸುರಿದರು.
ವಾಪಸು ತಗೊಳ್ಳಿ. ತಿನ್ನಬಾರದಂತೆ.
ಡಾಕ್ಟ್ರಮ್ಮ ಒಬ್ಬರು ಹೇಳಿದ್ದಾರೆ.

ಒತ್ತಿದರು.
ನನ್ನ ಕಂಠ.
ಮಾತ್ರೆ ತಿನ್ನಬೇಡಿ.
ಎರಡು ಸೆಕೆಂಡು, ಆಮೇಲೆ ಫ್ಯಾನಿಲ್ಲದ ನನ್ನದೇ ಅಂಗಡಿಯ ಮೌನ.
ಮೇಲೆ ಸಣ್ಣಕ್ಷರದಲ್ಲಿ: ಹಲವು ಬಾರಿ ಫಾರ್ವರ್ಡ್ ಆಗಿದೆ.

ಅದು ನಾನೇ ಬಾಯಮ್ಮಾ, ಎಂದೆ.
ನನ್ನನ್ನೊಮ್ಮೆ, ಫೋನನ್ನೊಮ್ಮೆ ನೋಡಿ ತಲೆಯಾಡಿಸಿದರು.
ಅವರ ದನಿಯೇ ಬೇರೆ. ಅವರು ಕಲಿತವರು.

ಅರ್ಧ ಗಂಟೆ ಹಿಡಿಯಿತು
ಆ ಕಲಿತವಳನ್ನು ನಾನು ಸೋಲಿಸಲು.

ಎರಡು ತಿಂಗಳಿಗೆ ಐಸಮ್ಮ ಬಂದರು, ಸಪೂರ ಮೊಣಕಾಲು.
ಡಾಕ್ಟರು ಮತ್ತೆ ಅದನ್ನೇ ಬರೆದಿದ್ದರು.
ಈ ಸಲ ಲೆಕ್ಕ ಮಾಡಿ ನಾಲ್ಕೇ ಕತ್ತರಿಸಿದೆ.
ಯಾವ ದಿನ ಬೇಕು ನಿಮಗೆ? ಎಂದೆ.
ದಿನ ನಾವು ಹೇಳುವುದಾ? ಎಂದು ಅಚ್ಚರಿಪಟ್ಟು
ಶುಕ್ರವಾರ ಇರಲಿ, ಎಂದರು, ನಮಾಜು ಮುಗಿಸಿ ಉಂಡ ಮೇಲೆ.

ಲಕೋಟೆಯ ಮೇಲೆ ದಪ್ಪ ಕನ್ನಡದಲ್ಲಿ ಬರೆದು
ಓದಿ ನೋಡುವಾ, ಎಂದೆ.
ಬೆರಳಿಟ್ಟು, ನಾಲ್ಕನೇ ಕ್ಲಾಸಿನ ಬೆಂಚಿನಿಂದ,
ಶು. ಕ್ರ. ವಾ. ರ.
ಮಾ. ತ್ರೆ.

ಮಾತ್ರೆ ಅಲ್ಲ ಉಮ್ಮಾ.
ಮಾತ್ರ.
ಹಾಗಾದರೆ ಉಳಿದ ದಿನ?
ಉಳಿದ ದಿನ ಏನೂ ಇಲ್ಲ.
ಏನೂ ಇಲ್ಲವಾ?
ಏನೂ ಇಲ್ಲ. ಇನ್ನೊಮ್ಮೆ ಓದಿ.

ಮೆಟ್ಟಿಲ ಮೇಲೆ ನಾಲ್ಕು ಜೊತೆ ಮೊಣಕಾಲು ಕಾಯುತ್ತಿದ್ದವು.
ಕಾಯಲಿ.